ನೀರು ಕೊಡುತ್ತಾರೆ, ಸುದ್ದಿ ಯಾಕೆ ಕೊಡುವುದಿಲ್ಲ?

ಪ್ರಶ್ನೆ: ನಾನು ಕೊಪ್ಪ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನನ್ನ ತಮ್ಮ ಸಿಆರ್‌ಪಿಎಫ್‌ನಲ್ಲಿದ್ದಾನೆ. ಮೂರು ವರ್ಷದಿಂದ ಛತ್ತೀಸ್‌ಗಢದ ಬಸ್ತರ್‌ನಲ್ಲಿ ಕೆಲಸ. ಈ ಸಲ ರಜೆಗೆ ಬಂದಾಗ ಊಟಕ್ಕೆ ಕೂತಲ್ಲೇ ದೊಡ್ಡ ಚರ್ಚೆ ಆಯಿತು. "ಜನರ ಮನಸ್ಸು ಗೆಲ್ಲಿ ಅಂತ ಮೇಲಿನವರು ಹೇಳ್ತಾರೆ ಅಕ್ಕಾ. ಔಷಧಿ ಕೊಟ್ಟೆವು, ಸೀರೆ ಹಂಚಿದೆವು, ಹುಡುಗರಿಗೆ ವಾಲಿಬಾಲ್ ಕೊಟ್ಟೆವು. ಬಾಯಾರಿ ಹೋದರೆ ನೀರು ಕೊಡ್ತಾರೆ. ಆದರೆ ನಕ್ಸಲರು ದಾರಿಯಲ್ಲಿ ನೆಲಬಾಂಬ್ ಹೂತದ್ದು ಊರಿಗೆಲ್ಲ ಗೊತ್ತಿದ್ದರೂ ಒಬ್ಬನೂ ಬಾಯಿ ಬಿಡಲ್ಲ. ಎಲ್ಲ ಆ ಕಡೆಯವರೇ. ಶ್ರೀಲಂಕಾದವರು ಮಾಡಿದ ಹಾಗೆ ಒಂದೇ ಸಲ ಮುಗಿಸಬೇಕು" ಎಂದ. ಅವನು ಹೇಳುವುದು ಸರಿಯೇ? ನಮ್ಮ ಮಲೆನಾಡಿನಲ್ಲಿ ನಕ್ಸಲರು ಮುಗಿದದ್ದು ಗುಂಡಿನಿಂದಲೋ, ಶರಣಾದವರಿಗೆ ಕೊಡುವ ಪ್ಯಾಕೇಜಿನಿಂದಲೋ? ಅವನು ದಿನೇದಿನೇ ಒರಟನಾಗುತ್ತಿದ್ದಾನೆ ಅನ್ನುವುದು ನನ್ನ ಇನ್ನೊಂದು ಚಿಂತೆ.

ಉತ್ತರ: ನಿಮ್ಮ ತಮ್ಮ ಕಂಡದ್ದು ಸುಳ್ಳಲ್ಲ. ಅದರಿಂದ ಅವನು ತೆಗೆದ ಅರ್ಥದಲ್ಲಿ ಮಾತ್ರ ತಪ್ಪಿದೆ. ನಾನು ಬಹಳ ವರ್ಷ ಆಂತರಿಕ ಭದ್ರತೆಯ ಪಾಠ ಹೇಳಿದವನು. ಕಾಲೇಜಿನಲ್ಲಿ ಹೇಳಿದ್ದೇನೆ, ಪೊಲೀಸ್ ತರಬೇತಿಗೆ ಬಂದ ಹುಡುಗರಿಗೂ ಹೇಳಿದ್ದೇನೆ. ಇದೇ ದೂರನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ಸಾರ್, ಇಷ್ಟೆಲ್ಲ ಮಾಡಿದರೂ ಜನಕ್ಕೆ ನಿಯತ್ತಿಲ್ಲ."

ಆಗ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ. ನಿಮ್ಮ ಊರಲ್ಲಿ ಪಕ್ಕದ ಜಮೀನಿನವನು ಗಡಿಕಲ್ಲು ಕಿತ್ತು ಎರಡು ಅಡಿ ಒಳಗೆ ನೆಟ್ಟ ಅಂತ ಇಟ್ಟುಕೊಳ್ಳಿ. ನಿಮ್ಮ ಅಪ್ಪ ಮೊದಲು ಯಾರ ಹತ್ತಿರ ಹೋಗುತ್ತಾರೆ? ಊರಿನ ಹಿರಿಯರು, ಪಂಚಾಯ್ತಿ ಮೆಂಬರ್, ದೇವಸ್ಥಾನದ ಮೊಕ್ತೇಸರರು ಅಂತೆಲ್ಲ ಉತ್ತರ ಬರುತ್ತಿತ್ತು. ಠಾಣೆ ಅಂದವರು ಒಬ್ಬಿಬ್ಬರು. ಕೂತಿದ್ದವರೆಲ್ಲ ಪೊಲೀಸರೇ, ನೆನಪಿರಲಿ! ಆಮೇಲೆ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು.

ಇಂಗ್ಲಿಷಿನವರು ಲೆಜಿಟಿಮಸಿ ಅನ್ನುವುದು ಇದನ್ನೇ. ಕನ್ನಡದಲ್ಲಿ ಜನಮನ್ನಣೆ ಅನ್ನಬಹುದು, ನಾನು ಸುಮ್ನೆ ಜನರ ಒಪ್ಪಿಗೆ ಅನ್ನುತ್ತೇನೆ. ಇದಕ್ಕೂ ಪ್ರೀತಿಗೂ ಸಂಬಂಧವಿಲ್ಲ. ತಹಸೀಲ್ದಾರರನ್ನು ಯಾರು ಪ್ರೀತಿಸುತ್ತಾರೆ ಹೇಳಿ? ಆದರೂ ಪಹಣಿ ತಿದ್ದುವ ಅಧಿಕಾರ ಅವರದು ಅಂತ ಒಪ್ಪಿದ್ದೇವೆ. ಅವರು ಕೊಟ್ಟ ಕಾಗದ ನಾಳೆಯೂ ನಡೆಯುತ್ತದೆ ಅನ್ನುವ ನಂಬಿಕೆ ಇದೆ. ಬಸ್ತರ್‌ನ ಆ ಹಳ್ಳಿಯಲ್ಲಿ ಇಲ್ಲದಿರುವುದು ಈ ನಂಬಿಕೆ.

ಈಗ ಆ ಊರಿನವನ ಜಾಗದಲ್ಲಿ ಕೂತು ಲೆಕ್ಕ ಹಾಕಿ. ನೀರು ಕೊಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಯಾರು ಬಂದರೂ ನೀರು ಕೊಡುವುದು ಪದ್ಧತಿ, ಆ ಕಡೆಯವರೂ ಅದನ್ನು ತಪ್ಪು ಅನ್ನುವುದಿಲ್ಲ. ಸುದ್ದಿ ಕೊಡುವುದು ಬೇರೆ ಮಾತು. ಹೇಳಿದ ಹೆಸರು ಹೊರಗೆ ಹೋಗುವುದಿಲ್ಲ ಅನ್ನುವುದಕ್ಕೆ ಏನು ಖಾತ್ರಿ? ಇವತ್ತು ಕೇಳಿಸಿಕೊಂಡ ಸಾಹೇಬರು ಆರು ತಿಂಗಳಲ್ಲಿ ವರ್ಗವಾಗಿ ಹೋದರೆ? ಕ್ಯಾಂಪೇ ಎದ್ದು ಹೋದರೆ? ತಾನು ತೋರಿಸಿದವನ ಬದಲು ಅಣ್ಣನ ಮಗನನ್ನು ಹಿಡಿದುಕೊಂಡು ಹೋದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಬಂದೂಕು ಹಿಡಿದ ಇನ್ನೊಂದು ಗುಂಪು ರಾತ್ರಿ ಬಂದು ಕೇಳಿದಾಗ ಪಕ್ಕದಲ್ಲಿ ಯಾರಿರುತ್ತಾರೆ?

ನಿಮ್ಮ ಕಡೆಗೂ ಇದು ಹೊಸದಲ್ಲ. 2008ರಲ್ಲಿ ಹೆಬ್ರಿ ಹತ್ತಿರದ ಸೀತಾನದಿಯಲ್ಲಿ ಒಬ್ಬ ಶಿಕ್ಷಕರನ್ನು ಪೊಲೀಸರ ಮಾಹಿತಿದಾರ ಅಂತ ನಕ್ಸಲರು ಕೊಂದರು. ಆ ಮೇಲೆ ಆ ಸುತ್ತಿನ ಜನ ಬಾಯಿ ಮುಚ್ಚಿಕೊಂಡಿದ್ದರೆ, ಅವರೆಲ್ಲ ನಕ್ಸಲರ ಕಡೆಯವರು ಅಂತ ನೀವು ಹೇಳುತ್ತಿದ್ದಿರಾ?

ನಿಮ್ಮ ತಮ್ಮ ಹೇಳಿದ ಸೀರೆ, ವಾಲಿಬಾಲಿನ ಬಗ್ಗೆ ಒಂದು ಮಾತು. ನಾಲ್ಕು ಜನರ ಎದುರು ಒಬ್ಬಳಿಗೆ ಸೀರೆ ಕೊಟ್ಟು ಫೋಟೋ ತೆಗೆದರೆ ಅವಳಿಗೆ ಉಪಕಾರ ಆಯಿತು ಅಂತ ಕ್ಯಾಂಪಿನವರು ಅಂದುಕೊಳ್ಳುತ್ತಾರೆ. ಅದೇ ಸೀರೆ ಉಟ್ಟು ಅವಳು ಸಂತೆಗೆ ಹೋದರೆ, ನೋಡುವ ಕಣ್ಣುಗಳು ಬೇರೆಯೂ ಇವೆ. ಸೀರೆ ಕೊಡಬಾರದು ಅಂತಲ್ಲ. ಅದರಿಂದ ಒಪ್ಪಿಗೆ ಸಿಗುತ್ತದೆ ಅನ್ನುವ ಲೆಕ್ಕಾಚಾರ ತಪ್ಪು. ವರದಿಯಲ್ಲಿ ಎಷ್ಟು ಸೀರೆ, ಎಷ್ಟು ಬಾಲ್ ಅಂತ ಬರೆಯುವುದು ಸುಲಭ, ಅದಕ್ಕೇ ಅದು ಜಾಸ್ತಿ ನಡೆಯುತ್ತದೆ.

ಇದನ್ನೆಲ್ಲ ಬರೀ ಬಾಯಿಮಾತಲ್ಲಿ ಹೇಳುವ ಬದಲು ನಮ್ಮ ದೇಶದ್ದೇ ಒಂದು ಕತೆ ಹೇಳುತ್ತೇನೆ. ಮಿಜೋರಾಂನದು. ನಮ್ಮಲ್ಲಿ ಇದನ್ನು ಓದಿದವರು ಕಡಿಮೆ.

ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರು ಒಟ್ಟಿಗೆ ಹೂ ಬಿಡುತ್ತದೆ. ಬಿದಿರು ಹೂ ಬಿಟ್ಟರೆ ಬರ ಅನ್ನುವ ಮಾತು ನಮ್ಮ ಮಲೆನಾಡಿನಲ್ಲೂ ಇದೆಯಲ್ಲ. ಅಲ್ಲಿ ಅದು ಅಕ್ಷರಶಃ ನಿಜ. ಬೀಜ ತಿಂದು ಇಲಿಗಳು ಹೆಚ್ಚುತ್ತವೆ, ಬೀಜ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. ಅವರು ಇದನ್ನು ಮಾವುತಾಮ್ ಅನ್ನುತ್ತಾರೆ. 1958ರಲ್ಲೇ ಅಲ್ಲಿನ ಜಿಲ್ಲಾ ಪರಿಷತ್ತು ಬರ ಬರುತ್ತದೆ, ಹಣ ಕೊಡಿ ಅಂತ ಕೇಳಿತು. ಆಗ ಮಿಜೋ ಗುಡ್ಡಗಳು ಅಸ್ಸಾಂನ ಒಂದು ಜಿಲ್ಲೆ. ಅಸ್ಸಾಂ ಸರ್ಕಾರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1959ರಲ್ಲಿ ಇಲಿ ಬಂತು, ಹಸಿವೂ ಬಂತು. ಅದರ ಹಿಂದೆಯೇ 1960ರಲ್ಲಿ ಅಸ್ಸಾಮಿಯನ್ನು ರಾಜ್ಯಭಾಷೆ ಮಾಡುವ ಕಾಯ್ದೆಯೂ ಬಂತು. ಗಾಯದ ಮೇಲೆ ಉಪ್ಪು.

ಸರ್ಕಾರ ಇಲ್ಲದ ಜಾಗಕ್ಕೆ ಯಾರೋ ಒಬ್ಬರು ಬಂದೇ ಬರುತ್ತಾರೆ. ಲಾಲ್‌ಡೆಂಗಾ ಎಂಬ ಹಳೆಯ ಸೈನಿಕ ಬರ ಪರಿಹಾರಕ್ಕೆ ಒಂದು ಸಂಘ ಕಟ್ಟಿದ. ಹುಡುಗರು ಬೆನ್ನ ಮೇಲೆ ಅಕ್ಕಿ ಹೊತ್ತು ಹಳ್ಳಿ ಹಳ್ಳಿಗೆ ಹೋದರು. 1961ರಲ್ಲಿ ಅದೇ ಸಂಘ ಮಿಜೋ ನ್ಯಾಷನಲ್ ಫ್ರಂಟ್ ಎಂಬ ಪಕ್ಷವಾಯಿತು. 1966ರ ಫೆಬ್ರವರಿ 28ರ ರಾತ್ರಿ ಬಂಡಾಯ ಎದ್ದಿತು. ಬಂದೂಕು ಬಂದದ್ದು ಆಮೇಲೆ, ಒಪ್ಪಿಗೆ ಮೊದಲೇ ಬಂದಿತ್ತು. ಅದು ಅಕ್ಕಿಯ ಮೂಟೆ ಹೊತ್ತಾಗಲೇ ಸಿಕ್ಕಿದ್ದು.

ಆಗ ದಿಲ್ಲಿ ಏನು ಮಾಡಿತು? ಮಾರ್ಚ್ 5ರಂದು ವಾಯುಪಡೆಯ ವಿಮಾನಗಳು ಅಲ್ಲಿನ ಮುಖ್ಯ ಪಟ್ಟಣ ಐಜಾಲ್ ಮೇಲೆ ಬಾಂಬ್ ಹಾಕಿದವು. ನಮ್ಮದೇ ದೇಶದ ಪಟ್ಟಣ. ಆ ಗಾಯ ಅಲ್ಲಿ ಇನ್ನೂ ಮಾಸಿಲ್ಲ. 1967ರ ಆರಂಭದಿಂದ ಹಳ್ಳಿಗಳನ್ನು ಒಟ್ಟುಗೂಡಿಸುವ ಕೆಲಸ ಶುರುವಾಯಿತು. 764 ಹಳ್ಳಿಗಳಲ್ಲಿ 516 ಹಳ್ಳಿಗಳ ಜನರನ್ನು ಎಬ್ಬಿಸಿ, ದಾರಿ ಬದಿಯ ಬೇಲಿ ಹಾಕಿದ ಕೇಂದ್ರಗಳಿಗೆ ತಂದರು. ಹಳೆಯ ಮನೆಗಳನ್ನು ಸುಟ್ಟರು. ಕಾಡು ಕಡಿದು ಸುಟ್ಟು ಬೆಳೆಯುವ ಕುಮ್ರಿ ಬೇಸಾಯದ ಜನ ಅವರು. ಹೊಲ ಎಲ್ಲೋ, ಬೇಲಿ ಎಲ್ಲೋ. ಹಗಲು ಪಾಸ್ ತೋರಿಸಿ ಹೋಗಬೇಕು, ಕತ್ತಲಾಗುವುದರೊಳಗೆ ಬರಬೇಕು.

ಇದನ್ನು ಬ್ರಿಟಿಷರು ಮಲಯಾದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, ಕಮ್ಯುನಿಸ್ಟ್ ಬಂಡಾಯದ ವಿರುದ್ಧ ಮಾಡಿ ಗೆದ್ದಿದ್ದರು ಅನ್ನುವುದು ನಮ್ಮವರ ನಂಬಿಕೆ. ಅಲ್ಲಿ 1950ರ ನಂತರ ಸುಮಾರು ಐದು ಲಕ್ಷ ಜನರನ್ನು ಹೊಸ ಹಳ್ಳಿಗಳಿಗೆ ಸಾಗಿಸಿದ್ದು ನಿಜ. ಅದರ ಜೊತೆಗೆ ಅಲ್ಲಿನ ಚೀನಿ ಮೂಲದವರಿಗೆ ಪೌರತ್ವದ ದಾರಿ ತೆರೆದರು. 1957ರಲ್ಲಿ ದೇಶಕ್ಕೆ ಸ್ವಾತಂತ್ರ್ಯವನ್ನೇ ಕೊಟ್ಟರು. ಸ್ವಾತಂತ್ರ್ಯಕ್ಕಾಗಿ ಹೋರಾಟ ಅಂತ ಕಾಡಿನಲ್ಲಿದ್ದವರಿಗೆ ಹೇಳಲು ಮಾತೇ ಉಳಿಯಲಿಲ್ಲ. ನಮ್ಮವರು ಅಲ್ಲಿಂದ ಬೇಲಿಯನ್ನು ಮಾತ್ರ ತಂದರು.

ಫಲ ಏನಾಯಿತು? ಬೇಲಿಯಿಂದ ಬಂಡಾಯಗಾರರಿಗೆ ಅನ್ನ ಸಿಗುವುದು ಕಷ್ಟವಾಯಿತು, ಅದನ್ನು ಒಪ್ಪಲೇಬೇಕು. ಆದರೆ ಬಂಡಾಯ ಸಾಯಲಿಲ್ಲ. 1975ರ ಜನವರಿಯಲ್ಲಿ, ಅಂದರೆ ಎಂಟು ವರ್ಷ ಕಳೆದ ಮೇಲೆ, ಐಜಾಲ್ ಪಟ್ಟಣದಲ್ಲೇ ಪೊಲೀಸ್ ಐಜಿಯನ್ನೂ ಇನ್ನಿಬ್ಬರು ಹಿರಿಯ ಅಧಿಕಾರಿಗಳನ್ನೂ ಗುಂಡಿಟ್ಟು ಕೊಂದರು. ಇಪ್ಪತ್ತು ವರ್ಷ ಇದು ಹೀಗೇ ಎಳೆಯಿತು.

ಮುಗಿದದ್ದು 1986ರ ಜೂನ್ 30ರಂದು, ಒಪ್ಪಂದಕ್ಕೆ ಸಹಿ ಬಿದ್ದಾಗ. ರಾಜ್ಯದ ಸ್ಥಾನಮಾನ ಸಿಕ್ಕಿತು. ಮಿಜೋ ಜನರ ಭೂಮಿ, ಕಟ್ಟಳೆ, ಧರ್ಮಾಚರಣೆಗಳ ವಿಷಯದಲ್ಲಿ ಸಂಸತ್ತಿನ ಕಾಯ್ದೆ ಅವರ ವಿಧಾನಸಭೆ ಒಪ್ಪದೆ ಜಾರಿಯಾಗುವಂತಿಲ್ಲ ಅಂತ ಸಂವಿಧಾನದಲ್ಲೇ ಬರೆದರು. ಆಗ ಮುಖ್ಯಮಂತ್ರಿಯಾಗಿದ್ದ ಲಾಲ್ ಥನ್ಹಾವ್ಲಾ ಕುರ್ಚಿ ಬಿಟ್ಟುಕೊಟ್ಟರು. ನಿನ್ನೆಯವರೆಗೆ ದೇಶದ್ರೋಹಿ ಅನ್ನಿಸಿಕೊಂಡಿದ್ದ ಲಾಲ್‌ಡೆಂಗಾ ಅದರಲ್ಲಿ ಕೂತರು. ನಮ್ಮ ರಾಜಕಾರಣಿಗಳಲ್ಲಿ ಹೀಗೆ ಎದ್ದು ಹೋಗುವವರು ಎಷ್ಟು ಜನ ಇದ್ದಾರೋ!

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1989ರ ಚುನಾವಣೆ. ಲಾಲ್‌ಡೆಂಗಾ ಅವರ ಪಕ್ಷ ಸೋತಿತು. ಸೋತವರು ಕಾಡಿಗೆ ವಾಪಸ್ ಹೋಗಲಿಲ್ಲ, ಮುಂದಿನ ಚುನಾವಣೆಗೆ ತಯಾರಾದರು. ಒಪ್ಪಿಗೆ ಎಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ವರ್ಷವನ್ನು ತೋರಿಸುತ್ತೇನೆ. ಮತ್ತೆ 2006ರ ಹೊತ್ತಿಗೆ ಬಿದಿರು ಹೂ ಬಿಟ್ಟಿತು. ಆಗ ಮುಖ್ಯಮಂತ್ರಿ ಜೋರಂಥಂಗಾ, ಲಾಲ್‌ಡೆಂಗಾ ಜೊತೆ ಕಾಡಿನಲ್ಲಿದ್ದವರೇ. ಈ ಸಲ ಸರ್ಕಾರ ಮೊದಲೇ ಯೋಜನೆ ಮಾಡಿತ್ತು, ಇಲಿ ಬಾಲ ತಂದುಕೊಟ್ಟವರಿಗೆ ದುಡ್ಡು ಕೊಟ್ಟಿತು. ಬೆಳೆ ಹೋಯಿತು, ಜನರಿಗೆ ಕಷ್ಟವಾಯಿತು, ಪರಿಹಾರ ಸಾಲದು ಅಂತ ಜಗಳವೂ ಆಯಿತು. ಬಂದೂಕು ಮಾತ್ರ ಯಾರೂ ಎತ್ತಲಿಲ್ಲ. ಅದೇ ಬಿದಿರು, ಅದೇ ಇಲಿ. ಬೈಯಲು ತಮ್ಮದೇ ಸರ್ಕಾರ ಇತ್ತು, ಅಷ್ಟೇ ವ್ಯತ್ಯಾಸ.

ಶ್ರೀಲಂಕಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ತಮ್ಮನ ಈ ವಾದವನ್ನು ತಳ್ಳಿಹಾಕುವಂತಿಲ್ಲ. 2009ರ ಮೇ ತಿಂಗಳಲ್ಲಿ ಅಲ್ಲಿನ ಸೇನೆ, ತಮಿಳರ ಪ್ರತ್ಯೇಕ ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯನ್ನು ಬಲದಿಂದಲೇ ಮುಗಿಸಿತು. ಬಲದಿಂದ ಬಂಡಾಯ ಮುಗಿಯುವುದೇ ಇಲ್ಲ ಅನ್ನುವವರು ಇತಿಹಾಸ ಸರಿಯಾಗಿ ಓದಿಲ್ಲ. ಆದರೆ ಅಲ್ಲಿ ಮುಗಿದದ್ದು ಹೇಗೆ? ಎಲ್‌ಟಿಟಿಇ ಆ ಹೊತ್ತಿಗೆ ಪ್ರದೇಶ, ನೌಕಾಪಡೆ ಎಲ್ಲ ಇಟ್ಟುಕೊಂಡು ಎದುರಾಬದುರು ಯುದ್ಧ ಮಾಡುವ ಸೇನೆಯಾಗಿತ್ತು. ಊರಿನವರ ನಡುವೆ ಕರಗಿ ಹೋಗುವ ಗುಂಪಾಗಿ ಉಳಿದಿರಲಿಲ್ಲ. ಜೊತೆಗೆ ತಮ್ಮವರ ಒಪ್ಪಿಗೆಯನ್ನು ಅವರೇ ಕಳೆದುಕೊಂಡಿದ್ದರು. ಮನೆಗೊಂದು ಮಗುವನ್ನು ಎಳೆದೊಯ್ದರು. 1990ರಲ್ಲಿ ಉತ್ತರದ ಮುಸ್ಲಿಮರನ್ನು ಊರು ಬಿಡಿಸಿದರು. 2004ರಲ್ಲಿ ಪೂರ್ವದ ಕಮಾಂಡರ್ ಕರುಣಾ ಒಡೆದು ಹೊರಬಂದ, ಅವರ ಗುಟ್ಟೆಲ್ಲ ಅವನಿಗೆ ಗೊತ್ತಿತ್ತು. ಒಪ್ಪಿಗೆಯ ಲೆಕ್ಕ ಸರ್ಕಾರಕ್ಕೆ ಮಾತ್ರ ಅಲ್ಲ, ಬಂಡಾಯಗಾರರಿಗೂ ಇದೆ.

ಇನ್ನು ಬೆಲೆ. ಕೊನೆಯ ತಿಂಗಳುಗಳಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಆ ಲೆಕ್ಕ ಒಪ್ಪಲಿಲ್ಲ. ಯುದ್ಧ ಮುಗಿಯಿತು. ಕಾಣೆಯಾದ ಮಕ್ಕಳ ಫೋಟೋ ಹಿಡಿದು ತಾಯಂದಿರು ಅದಾದ ಎಷ್ಟೋ ವರ್ಷ ರಸ್ತೆ ಬದಿ ಕೂತರು. ಬಸ್ತರ್‌ನ ಜನ ನಮ್ಮ ಮತದಾರರು, ನಮ್ಮ ಪ್ರಜೆಗಳು. ಆ ದಾರಿ ನಮ್ಮದಾಗಬೇಕು ಅಂತ ಸಿಟ್ಟಿನಲ್ಲಿ ಅನ್ನಬಹುದು, ತಣ್ಣಗೆ ಕೂತು ಅನ್ನಲಾಗದು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಅಫ್ಘಾನಿಸ್ತಾನದಲ್ಲಿ ಅಮೆರಿಕದವರು ಇಪ್ಪತ್ತು ವರ್ಷ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಕಟ್ಟಿದರು. ಕಾಗದದ ಮೇಲೆ ಮೂರು ಲಕ್ಷ ಸೈನಿಕರು, ಪೊಲೀಸರು ಇದ್ದರು. ಆದರೆ ಜಮೀನಿನ ವ್ಯಾಜ್ಯ ಬಂದರೆ ಸರ್ಕಾರಿ ಕೋರ್ಟಿನಲ್ಲಿ ಲಂಚ, ವರ್ಷಗಟ್ಟಲೆ ಅಲೆದಾಟ. ಎಷ್ಟೋ ಕಡೆ ಜನ ತಾಲಿಬಾನಿನ ನ್ಯಾಯಗಾರನ ಹತ್ತಿರ ಹೋಗುತ್ತಿದ್ದರು. ಅವರ ಮೇಲಿನ ಪ್ರೀತಿಯಿಂದ ಅಲ್ಲ, ತೀರ್ಪು ಬೇಗ ಸಿಗುತ್ತಿತ್ತು, ಸಿಕ್ಕಿದ ತೀರ್ಪು ನಡೆಯುತ್ತಿತ್ತು. 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ನನ್ನ ಗಡಿಕಲ್ಲಿನ ಪ್ರಶ್ನೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ?

ಬಸ್ತರ್‌ಗೆ ನಕ್ಸಲರು ಬಂದದ್ದು 1980ರಲ್ಲಿ. ಅವರು ಮೊದಲು ಹಿಡಿದದ್ದು ಬೀಡಿ ಎಲೆಯ ಕೂಲಿಯ ವಿಷಯ. ಬೀಡಿ ಕಟ್ಟುವ ಮನೆಗಳನ್ನು ಕಂಡ ಕರಾವಳಿಯವರಿಗೆ ಆ ಎಲೆ ಗೊತ್ತು, ಅದನ್ನು ಕೊಯ್ದವರ ಕೂಲಿ ಗೊತ್ತಿಲ್ಲ. ಫಾರೆಸ್ಟ್ ಗಾರ್ಡಿನ ಕಾಟ ತಪ್ಪಿಸಿದರು, ಎಲೆಯ ಕಟ್ಟಿಗೆ ಹೆಚ್ಚು ದುಡ್ಡು ಕೊಡಿಸಿದರು. ಅಲ್ಲಿಂದ ಅವರ ಮಾತು ನಡೆಯತೊಡಗಿತು. ಆಮೇಲೆ ಅವರೂ ಮರದ ಕೆಳಗೆ ಪಂಚಾಯ್ತಿ ಸೇರಿಸಿ ಮಾಹಿತಿದಾರ ಅಂತ ಜನರನ್ನು ಕೊಂದರು, ಶಾಲೆ ಒಡೆದರು, ತಮಗೆ ಸಿಕ್ಕಿದ್ದ ಒಪ್ಪಿಗೆಯನ್ನು ತಿಂದು ಹಾಕಿದರು.

ಸರ್ಕಾರ ಅದರ ಲಾಭ ಪಡೆಯಬಹುದಿತ್ತು. ಅದರ ಬದಲು 2005ರಲ್ಲಿ ನಕ್ಸಲರ ವಿರುದ್ಧ ಸಲ್ವಾ ಜುಡುಂ ಬಂತು. ಊರಿನವರ ಕೈಗೇ ಬಂದೂಕು ಕೊಟ್ಟು ಊರಿನವರ ಮೇಲೆ ಬಿಟ್ಟರು. ಊರುಗಳು ಸುಟ್ಟವು, ಜನ ಆಂಧ್ರದ ಕಡೆಗೆ ಓಡಿದರು. ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿ ಅಂತ ಹೀಗೆ ಬಳಸುವುದು ಸಂವಿಧಾನಕ್ಕೆ ವಿರುದ್ಧ ಅಂತ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ತಮ್ಮ ಹೋಗುವ ಊರಿನಲ್ಲಿ ಈ ನೆನಪು ಇರುವವರು ಇನ್ನೂ ಬದುಕಿದ್ದಾರೆ. ಅವನು ಆಗ ಶಾಲೆಗೆ ಹೋಗುತ್ತಿದ್ದ ಹುಡುಗ, ಅವನ ತಪ್ಪು ಏನೂ ಇಲ್ಲ. ಆದರೆ ಅವನು ಹಾಕಿದ ಸಮವಸ್ತ್ರಕ್ಕೆ ಅವನಿಗಿಂತ ವಯಸ್ಸು ಜಾಸ್ತಿ.

ಈಗ ಲೆಕ್ಕ ಬದಲಾಗಿದೆ ಅನ್ನುವುದೂ ಸತ್ಯ. ಹೊಸ ಕ್ಯಾಂಪುಗಳು ಬಂದು ಅಲ್ಲೇ ಉಳಿದವು, ರಸ್ತೆ ಬಂತು, ಸ್ಥಳೀಯ ಹುಡುಗರು ಮತ್ತು ಶರಣಾದ ನಕ್ಸಲರೇ ಇರುವ ಜಿಲ್ಲಾ ಪಡೆ ಬಂತು. 2025ರ ಮೇ 21ರಂದು ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ಬಸವರಾಜು ನಾರಾಯಣಪುರ ಜಿಲ್ಲೆಯ ಕಾಡಿನಲ್ಲಿ ಸತ್ತದ್ದು ಆ ಪಡೆಯ ಕಾರ್ಯಾಚರಣೆಯಲ್ಲೇ. ಸ್ಥಳೀಯರ ಪಡೆಗೆ ಕಾಡು ಗೊತ್ತು, ಭಾಷೆ ಗೊತ್ತು. ಅಪಾಯವೂ ಅಲ್ಲೇ ಇದೆ. ಹಳೆಯ ಮನೆಜಗಳ ಬಂದೂಕಿನಿಂದ ತೀರಿಸಿಕೊಳ್ಳುವುದು ಸುಲಭವಾಗುತ್ತದೆ. ಅವರ ಮೇಲೆ ದೂರು ಕೊಡಲು ಒಂದು ಜಾಗ, ಆ ದೂರಿನ ಮೇಲೆ ಕ್ರಮ, ಇವೆರಡೂ ಇಲ್ಲದಿದ್ದರೆ ಸಲ್ವಾ ಜುಡುಂ ಬೇರೆ ಹೆಸರಲ್ಲಿ ಬರುತ್ತದೆ.

ನಮ್ಮ ಮಲೆನಾಡಿಗೆ ಬಂದರೆ, ಗುಂಡೋ ಪ್ಯಾಕೇಜೋ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಎರಡಕ್ಕಿಂತ ಮೊದಲು, ಆ ಬೇರು ಇಲ್ಲಿ ಆಳಕ್ಕೆ ಹೋಗಲೇ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವ ಭಯ ಒಂದು ದೊಡ್ಡ ನೋವಾಗಿತ್ತು, ಅದನ್ನೇ ಹಿಡಿದು ಅವರು ಒಳಗೆ ಬಂದರು. 2003ರಲ್ಲಿ ಈದುವಿನಲ್ಲಿ ಇಬ್ಬರು ನಕ್ಸಲ್ ಯುವತಿಯರು ಎನ್‌ಕೌಂಟರಿನಲ್ಲಿ ಸತ್ತರು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು, ಕೆಲವೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಶಿಬಿರದ ಮೇಲೆ ದಾಳಿ ಆಯಿತು. ಆದರೆ ಅದೇ ನೋವಿಗೆ ಇಲ್ಲಿ ಬೇರೆ ಬಾಗಿಲುಗಳೂ ಇದ್ದವು. ಗ್ರಾಮಸಭೆ, ರೈತ ಸಂಘ, ಪತ್ರಿಕೆ, ಕೋರ್ಟು, ಕೊನೆಗೆ 2006ರ ಅರಣ್ಯ ಹಕ್ಕು ಕಾಯ್ದೆ. ಎಲ್ಲವೂ ನಿಧಾನ, ಎಲ್ಲವೂ ಅರೆಬರೆ. ಆದರೂ ತಟ್ಟಲು ಬಾಗಿಲು ಇತ್ತು.

ನಮ್ಮ ಪೊಲೀಸರೂ ತಪ್ಪು ಮಾಡದೆ ಇರಲಿಲ್ಲ. ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು ನಕ್ಸಲರ ನಂಟಿನ ಆರೋಪದಲ್ಲಿ 2012ರಲ್ಲಿ ತಂದೆಯ ಜೊತೆ ಬಂಧಿಸಿದರು. ಸಾಕ್ಷ್ಯ ಅಂತ ತೋರಿಸಿದ್ದರಲ್ಲಿ ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ, ಪೇಪರ್ ಕಟಿಂಗ್ ಇದ್ದವು. 2021ರಲ್ಲಿ ಕೋರ್ಟು ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತು ವರ್ಷ! ಆ ಊರಿನಲ್ಲಿ ಯಾರಾದರೂ ಪೊಲೀಸರಿಗೆ ಸುದ್ದಿ ಕೊಡಲು ಎದ್ದಿದ್ದರೆ, ಆ ಒಂಬತ್ತು ವರ್ಷ ಅವರನ್ನು ಮತ್ತೆ ಕೂರಿಸಿರುತ್ತದೆ. ಕೋರ್ಟು ಕೊನೆಗಾದರೂ ಬಿಟ್ಟಿತಲ್ಲ ಅನ್ನುವುದೂ ಅದೇ ಲೆಕ್ಕದ ಇನ್ನೊಂದು ಕಡೆ.

2024ರ ನವೆಂಬರಿನಲ್ಲಿ ಹೆಬ್ರಿ ತಾಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಪೊಲೀಸರ ಒತ್ತಡ ಇತ್ತು, ಪ್ಯಾಕೇಜು ಇತ್ತು, ನಡುವೆ ನಿಂತು ಮಾತಾಡಿದ ನಾಗರಿಕರೂ ಇದ್ದರು. ಗುಂಡಿಗೆ ಹೆದರಿದವರಿಗೂ ಬರಲು ಒಂದು ದಾರಿ ಬೇಕು. ಆ ದಾರಿಯಲ್ಲಿ ಬಂದರೆ ಕೊಟ್ಟ ಮಾತು ಉಳಿಯುತ್ತದೆ ಅಂತ ಹೇಳಲು ನಂಬುವವರೊಬ್ಬರು ಬೇಕು. ಅವರಿಗೆ ಕೊಟ್ಟ ಮಾತು ಮುರಿದರೆ, ಮುಂದಿನವರು ಬರುವುದಿಲ್ಲ. ಶರಣಾಗತಿಯ ದೊಡ್ಡ ಅಪಾಯ ಅದೇ. ಸುಳ್ಳು ಶರಣಾಗತಿ ತೋರಿಸಿ ಸಂಖ್ಯೆ ಏರಿಸುವುದು ಎರಡನೆಯದು.

ಕೊನೆಗೆ ನಿಮ್ಮ ತಮ್ಮ. ನೀತಿ ಬದಲಿಸುವ ಅಧಿಕಾರ ಅವನಿಗಿಲ್ಲ, ಆದರೆ ಅವನ ಕೈಯಲ್ಲಿ ಏನೂ ಇಲ್ಲ ಅನ್ನುವುದೂ ತಪ್ಪು. ಕೋಳಿ ತೆಗೆದುಕೊಂಡರೆ ದುಡ್ಡು ಕೊಡಲಿ. ಸಂತೆ ದಿನ ಎಲ್ಲರನ್ನೂ ಸಾಲಾಗಿ ಕೂರಿಸಿ ತಪಾಸಣೆ ಮಾಡುವುದನ್ನು ಆದಷ್ಟು ತಪ್ಪಿಸಲಿ. ಎಲ್ಲರೆದುರು ಒಬ್ಬನನ್ನೇ ಕರೆದು ಮಾತಾಡಿಸದಿರಲಿ. ಯಾವನನ್ನಾದರೂ ಹಿಡಿದರೆ ಎಲ್ಲಿಗೆ ಕರೆದೊಯ್ದೆವು ಅಂತ ಅವನ ಹೆಂಡತಿಗೋ ತಾಯಿಗೋ ಅದೇ ದಿನ ಹೇಳಲಿ. ಹೀಗೆ ಹೇಳುವುದು ಕಾನೂನೇ. ಅಲ್ಲಿನವರ ಭಾಷೆ ಗೋಂಡಿಯಲ್ಲೋ ಹಲ್ಬಿಯಲ್ಲೋ ನಾಲ್ಕು ಮಾತು ಕಲಿಯಲಿ. ಇದರಿಂದಲೂ ನಾಳೆಯೇ ಸುದ್ದಿ ಬರುವುದಿಲ್ಲ, ಅದನ್ನು ಮೊದಲೇ ಅವನಿಗೆ ಹೇಳಿಬಿಡಿ.

ಅವನ ಒರಟುತನದ ಬಗ್ಗೆ ನೀವು ಹೆದರುವುದು ಸರಿಯಾಗಿಯೇ ಇದೆ. ಜೊತೆಗಾರ ನೆಲಬಾಂಬಿಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡವನಿಗೆ ನನ್ನ ಪಾಠ ರುಚಿಸುವುದಿಲ್ಲ. ವಾದ ಮಾಡಬೇಡಿ. ನಿದ್ದೆ ಬರುತ್ತದೆಯೇ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆಯೇ ಅಂತ ನೋಡಿ. ಹಾಗಿದ್ದರೆ ತನ್ನ ಪಡೆಯ ವೈದ್ಯರ ಹತ್ತಿರ ಮಾತಾಡುವಂತೆ ಹೇಳಿ, ಅದು ಹೇಡಿತನ ಅಲ್ಲ.

ಮುಂದಿನ ಸಲ ಫೋನ್ ಮಾಡಿದಾಗ ಊರಿನವರು ಸುದ್ದಿ ಕೊಟ್ಟರಾ ಅಂತ ಕೇಳಬೇಡಿ. ಯಾರಾದರೂ ದೂರು ತಂದರಾ ಅಂತ ಕೇಳಿ. ನಿಮ್ಮ ಗಾಡಿ ನಮ್ಮ ಗದ್ದೆ ಬದು ಒಡೆಯಿತು ಅಂತಲೋ, ನಿಮ್ಮ ಜವಾನ ನನ್ನ ಮಗನಿಗೆ ಹೊಡೆದ ಅಂತಲೋ ಒಬ್ಬ ಮುದುಕ ಕ್ಯಾಂಪಿನ ಗೇಟಿಗೆ ಬಂದು ಜಗಳ ತೆಗೆದರೆ, ಅವನನ್ನು ಓಡಿಸದೆ ಕೂರಿಸಿ ಕೇಳಲಿ. ಆ ಊರಿನಿಂದ ಮೊದಲು ಬರುವವನು ಅವನೇ.